ಪ್ರಶ್ನೆಯನ್ನು ಉಳಿಸಿಕೊಟ್ಟ ಉತ್ತರ: ಒರಿಜೆನ್‌ನ ‘ಸೆಲ್ಸಸ್‌ನ ವಿರುದ್ಧ’ ಕೃತಿಯ ಮರುಓದು

ನಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಬೇಕೆಂದು ಪೇತ್ರರ ಮೊದಲನೆಯ ಪತ್ರ (3:15) ಬೋಧಿಸುತ್ತದೆ. ಆ ಉತ್ತರ ವಿನಯ ಮತ್ತು ಗೌರವದಿಂದ ಕೂಡಿರಬೇಕೆಂಬುದು ಅದೇ ಬೋಧನೆಯ ಮತ್ತೊಂದು ಭಾಗ. ವಿಶ್ವಾಸ ಸಮರ್ಥನೆಯ ತರಗತಿಗಳಲ್ಲಿ ಮೊದಲ ಭಾಗವನ್ನು ಕಲಿಸುವಷ್ಟು ಶ್ರದ್ಧೆಯಿಂದ ಎರಡನೆಯದನ್ನು ನಾವು ಕಲಿಸುತ್ತಿದ್ದೇವೆಯೇ? ಪ್ರಬಂಧಗಳನ್ನು ತಿದ್ದುವಾಗ ಸಂದೇಹವಾದಿಯ ಪ್ರಶ್ನೆಗೆ ಒಂದೇ ಸಾಲು, ನಮ್ಮ ಉತ್ತರಕ್ಕೆ ಮೂರು ಪುಟ ಮೀಸಲಾಗಿರುವುದನ್ನು ಪದೇ ಪದೇ ಕಂಡಿದ್ದೇವೆ. ಆ ಒಂದು ಸಾಲೂ ಸುಲಭವಾಗಿ ಉರುಳಿಸಲು ಅನುಕೂಲವಾಗುವಂತೆ ಬರೆದದ್ದೇ ಆಗಿರುತ್ತದೆ. ಈ ದೋಷಕ್ಕೆ ಮದ್ದು ಹುಡುಕುವವರು ಒರಿಜೆನ್‌ನ ‘ಸೆಲ್ಸಸ್‌ನ ವಿರುದ್ಧ’ ಎಂಬ ಕೃತಿಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕು.

ಸೆಲ್ಸಸ್ ಎಂಬ ಗ್ರೀಕ್ ಚಿಂತಕ ಎರಡನೆಯ ಶತಮಾನದ ಕೊನೆಯ ದಶಕಗಳಲ್ಲಿ ಕ್ರೈಸ್ತ ವಿಶ್ವಾಸವನ್ನು ಖಂಡಿಸಿ ‘ಸತ್ಯೋಪದೇಶ’ ಎಂಬರ್ಥದ ಹೆಸರಿನ ಗ್ರಂಥವೊಂದನ್ನು ಬರೆದನು. ಸುಮಾರು ಎಪ್ಪತ್ತು ವರ್ಷಗಳ ಬಳಿಕ, ಕ್ರಿ.ಶ. 248ರ ಹೊತ್ತಿಗೆ, ತನ್ನ ಪೋಷಕ ಅಂಬ್ರೋಸನ ಒತ್ತಾಯಕ್ಕೆ ಮಣಿದು ಒರಿಜೆನ್ ಎಂಟು ಸಂಪುಟಗಳಲ್ಲಿ ಅದಕ್ಕೆ ಉತ್ತರವಿತ್ತನು. ಕೃತಿಯ ಆರಂಭವೇ ಗಮನಾರ್ಹ. ಸುಳ್ಳುಸಾಕ್ಷಿಗಳ ಮುಂದೆ ಪ್ರಭು ಯೇಸು ಮೌನವಾಗಿದ್ದರು ಎಂಬುದನ್ನು ಒರಿಜೆನ್ ಮೊದಲು ನೆನಪಿಸುತ್ತಾನೆ. ದೃಢವಾದ ವಿಶ್ವಾಸಿಗಳಿಗೆ ಈ ಗ್ರಂಥ ಬೇಕಿಲ್ಲ. ವಿಶ್ವಾಸದ ರುಚಿಯನ್ನೇ ಅರಿಯದವರಿಗಾಗಿ ಮತ್ತು ವಿಶ್ವಾಸದಲ್ಲಿ ದುರ್ಬಲರಾದವರಿಗಾಗಿ ಇದು ಎನ್ನುತ್ತಾನೆ. ಸಮರ್ಥನೆಗೆ ತೊಡಗುವ ಮುನ್ನವೇ ಅದರ ಮಿತಿಯನ್ನು ಒಪ್ಪಿಕೊಂಡ ಲೇಖಕನೀತ.

ಕೃತಿಯ ನಿಜವಾದ ಬಲ ಅದರ ವಿಧಾನದಲ್ಲಿದೆ. ಒರಿಜೆನ್ ಎದುರಾಳಿಯ ವಾಕ್ಯಗಳನ್ನು ಎತ್ತಿಕೊಟ್ಟು, ಬಹುಮಟ್ಟಿಗೆ ಅವನ ಕ್ರಮವನ್ನೇ ಅನುಸರಿಸಿ ಉತ್ತರಿಸುತ್ತಾನೆ. ಸೆಲ್ಸಸ್‌ನ ಮೂಲಗ್ರಂಥ ಇಂದು ಉಳಿದಿಲ್ಲ. ಅದರ ಬಹುಭಾಗ ನಮಗೆ ದೊರಕಿರುವುದು ಅದನ್ನು ಖಂಡಿಸಿದ ಒರಿಜೆನ್‌ನಿಂದಲೇ. ಮೂರನೆಯ ಶತಮಾನದ ಮತ್ತೊಬ್ಬ ಟೀಕಾಕಾರ ಪೋರ್ಫಿರಿಯ ಗತಿಯನ್ನು ಇದರೊಂದಿಗೆ ಹೋಲಿಸಿ ನೋಡೋಣ. ಅವನ ಕ್ರೈಸ್ತವಿರೋಧಿ ಗ್ರಂಥವನ್ನು ಸುಡಬೇಕೆಂದು 448ರಲ್ಲಿ ಕ್ರೈಸ್ತ ಸಾಮ್ರಾಟರ ಆಜ್ಞೆಯೇ ಹೊರಟಿತು. ಅದು ಇಂದು ಚೂರುಗಳಲ್ಲಿ ಮಾತ್ರ ಉಳಿದಿದೆ. ಒಂದೇ ಧರ್ಮಸಭೆಯ ಚರಿತ್ರೆಯಲ್ಲಿ ಪ್ರಶ್ನೆಗೆ ಕೊಟ್ಟ ಎರಡು ಬಗೆಯ ಪ್ರತಿಕ್ರಿಯೆಗಳಿವು. ಎರಡರಲ್ಲಿ ಯಾವುದು ವಿಶ್ವಾಸದ ಧೈರ್ಯ, ಯಾವುದು ಅಂಜಿಕೆ ಎಂಬುದನ್ನು ವಿವರಿಸಬೇಕಿಲ್ಲ.

ಉದಾಹರಣೆಗೆ ಎರಡನೆಯ ಸಂಪುಟವನ್ನು ನೋಡಬಹುದು. ಪುನರುತ್ಥಾನ ನಿಜವಾಗಿದ್ದರೆ ಯೇಸು ತಮ್ಮನ್ನು ಹಿಂಸಿಸಿದವರಿಗೂ ತೀರ್ಪಿತ್ತ ಅಧಿಕಾರಿಗೂ ಏಕೆ ಕಾಣಿಸಿಕೊಳ್ಳಲಿಲ್ಲ ಎಂದು ಸೆಲ್ಸಸ್ ಕೇಳುತ್ತಾನೆ. ಒರಿಜೆನ್ ಇದನ್ನು ಹಗುರವಾಗಿ ಕಾಣುವುದಿಲ್ಲ. ಸಾಮಾನ್ಯ ವಿಶ್ವಾಸಿಗಳಿಗಷ್ಟೇ ಅಲ್ಲ, ಪರಿಣತರಿಗೂ ಇದು ಗಹನವಾದ ವಿಷಯವೆಂದು ಒಪ್ಪುತ್ತಾನೆ. ರೂಪಾಂತರದ ಬೆಟ್ಟಕ್ಕೆ ಮೂವರು ಶಿಷ್ಯರನ್ನಷ್ಟೇ ಕರೆದೊಯ್ದಂತೆ, ನೋಡುವವರ ಸಾಮರ್ಥ್ಯಕ್ಕೆ ತಕ್ಕಂತೆ ಪ್ರಭು ಕಾಣಿಸಿಕೊಂಡರು ಎಂಬುದು ಅವನ ಉತ್ತರ. ಈ ಉತ್ತರ ನಮಗೆ ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ. ಧರ್ಮಸಭೆಯನ್ನು ಹಿಂಸಿಸುತ್ತಿದ್ದ ಸೌಲನಲ್ಲಿ ಅಂತಹ ಯಾವ ಸಾಮರ್ಥ್ಯವಿತ್ತು? ದಮಸ್ಕದ ದಾರಿಯ ದರ್ಶನ ಯೋಗ್ಯತೆಯ ಫಲವಲ್ಲ, ಕೃಪೆ. ಆದರೂ ಒರಿಜೆನ್ ಪ್ರಶ್ನೆಯ ತೂಕವನ್ನು ಇಳಿಸದೆ ನಮ್ಮ ಮುಂದಿಟ್ಟಿರುವುದರಿಂದಲೇ ಇಂದು ನಾವು ಅವನ ಉತ್ತರವನ್ನೂ ತೂಗಿ ನೋಡಲು ಸಾಧ್ಯವಾಗಿದೆ.

ಕ್ರೈಸ್ತರು ವಿಚಾರ ಮಾಡಬೇಡ, ನಂಬು ಎನ್ನುತ್ತಾರೆಂಬ ಆರೋಪಕ್ಕೆ ಅವನು ಕೊಟ್ಟ ಸಮಾಧಾನ ಇದಕ್ಕಿಂತ ಗಟ್ಟಿಯಾದುದು. ಕಡಲಯಾನಕ್ಕೆ ಹೊರಡುವವನೂ ಬೀಜ ಬಿತ್ತುವವನೂ ಮದುವೆಯಾಗುವವನೂ ಫಲವನ್ನು ಕಾಣುವ ಮೊದಲೇ ನಂಬಿ ಹೆಜ್ಜೆಯಿಡುತ್ತಾರೆ. ಯಾವುದೋ ಒಂದು ತತ್ತ್ವಪಂಥವನ್ನು ಸೇರುವವನೂ ಎಲ್ಲ ಪಂಥಗಳನ್ನು ಪರೀಕ್ಷಿಸಿ ಸೇರುವುದಿಲ್ಲ. ಇಲ್ಲಿ ಒರಿಜೆನ್ ವಿಚಾರವನ್ನು ತಳ್ಳಿಹಾಕುತ್ತಿಲ್ಲ. ವಿಚಾರಕ್ಕೆ ಬಿಡುವಿಲ್ಲದ ದುಡಿಯುವ ಜನರ ವಿಶ್ವಾಸಕ್ಕೂ ಮಾನವಿದೆ ಎನ್ನುತ್ತಿದ್ದಾನೆ. ಉಣ್ಣೆಯ ಕೆಲಸದವರು, ಚಮ್ಮಾರರು, ಅಗಸರು ಎಂದು ಕ್ರೈಸ್ತರನ್ನು ಹೀಯಾಳಿಸಿದ ಸೆಲ್ಸಸ್‌ಗೆ ಇದು ತಕ್ಕ ಉತ್ತರ.

ಕೃತಿಯ ಕುಂದುಗಳನ್ನು ಮರೆಮಾಚಬೇಕಾಗಿಲ್ಲ. ಪ್ಲೇಟೋವಿನ ವಿಚಾರಧಾರೆ ಸ್ಪಷ್ಟವಾಗಿ ಕಾಣುವ ಎದುರಾಳಿಗೆ ಒರಿಜೆನ್ ಎಪಿಕ್ಯೂರಿಯನ್ ಎಂಬ ಹಣೆಪಟ್ಟಿ ಹಚ್ಚುತ್ತಾನೆ. ಅಲ್ಲಲ್ಲಿ ವ್ಯಂಗ್ಯಕ್ಕಿಳಿಯುತ್ತಾನೆ. ಪವಿತ್ರ ಗ್ರಂಥಕ್ಕೆ ಕೇಳುವ ಸಾಂಕೇತಿಕ ಅರ್ಥದ ರಿಯಾಯಿತಿಯನ್ನು ಗ್ರೀಕರ ಪುರಾಣಗಳಿಗೆ ಅಷ್ಟು ಉದಾರವಾಗಿ ಕೊಡುವುದಿಲ್ಲ. ಅವನ ವಾದ ಸಡಿಲಗೊಳ್ಳುವುದು ಇಂತಹ ಕಡೆಗಳಲ್ಲಿಯೇ, ಅಂದರೆ ಕೇಳಿಸಿಕೊಳ್ಳುವುದನ್ನು ಅವನು ನಿಲ್ಲಿಸಿದ ಕಡೆಗಳಲ್ಲಿ.

ನಾಳೆ ಧರ್ಮಕೇಂದ್ರಗಳಿಗೆ ತೆರಳುವ ಗುರುವಿದ್ಯಾರ್ಥಿಗಳಿಗೆ ಸೆಲ್ಸಸ್ ಗ್ರಂಥರೂಪದಲ್ಲಿ ಎದುರಾಗಲಾರ. ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಬಾಯಲ್ಲಿ, ಕಾಲೇಜಿನಿಂದ ಮರಳಿದ ಯುವಕನ ಬಾಯಲ್ಲಿ ಅವನ ಪ್ರಶ್ನೆಗಳು ಕೇಳಿಬರುತ್ತವೆ. ಅವರ ಪ್ರಶ್ನೆಯನ್ನು ನಾವು ನಮ್ಮ ಮಾತಿನಲ್ಲಿ ಹೇಳಿದಾಗ, ‘ಹೌದು, ನಾನು ಕೇಳಿದ್ದು ಇದನ್ನೇ’ ಎಂದು ಅವರು ಒಪ್ಪಬೇಕು. ಆ ಒಪ್ಪಿಗೆ ಸಿಗುವವರೆಗೆ ಉತ್ತರ ಆರಂಭಿಸದಿರುವುದು ಒಳಿತು. ಕೆಲವೊಮ್ಮೆ ಆ ತಾಯಿಯ ಬಳಿ ಸುಮ್ಮನೆ ಕುಳಿತಿರುವುದೇ ನಮ್ಮ ಪಾಲಿನ ಉತ್ತರವಾಗಬಹುದು. ಒರಿಜೆನ್ ತನ್ನ ಗ್ರಂಥದ ಮೊದಲಲ್ಲೇ ಪ್ರಭುವಿನ ಮೌನವನ್ನು ನೆನೆದದ್ದನ್ನು ನಾವು ಮರೆಯದಿರೋಣ.