ಬಹುನೇತ್ರವಾದದ ವಿಮರ್ಶೆ

ಎರಿಕ್ ರೇಮಂಡರ ‘ದಿ ಕ್ಯಾಥೆಡ್ರಲ್ ಅಂಡ್ ದಿ ಬಜಾರ್’ ಎಂಬ ಪ್ರಬಂಧವು 1997ರಲ್ಲಿ ಮಂಡಿತವಾಗಿ 1999ರಲ್ಲಿ ಗ್ರಂಥರೂಪವನ್ನು ತಾಳಿತು. ತಂತ್ರಾಂಶದ ಸೋರ್ಸ್ ಕೋಡ್, ಎಂದರೆ ಮೂಲಸಂಕೇತವು, ಸರ್ವರಿಗೂ ತೆರೆದಿದ್ದು ನೋಡುವ ಕಣ್ಣುಗಳು ಸಾಕಷ್ಟಿದ್ದಲ್ಲಿ ಯಾವ ದೋಷವೂ ಅಡಗಿರಲಾರದೆಂಬುದು ಅದರ ಪ್ರಸಿದ್ಧ ಪ್ರಮೇಯ. ಇದರಿಂದ ಮುಕ್ತ ತಂತ್ರಾಂಶವು ಮುಚ್ಚಿದುದಕ್ಕಿಂತ ಸಹಜವಾಗಿಯೇ ಸುರಕ್ಷಿತವೆಂದು ಅನೇಕರು ನಿಗಮನ ಮಾಡಿರುವರು. ಈ ನಿಗಮನವು ಪರಿಶೀಲನಾರ್ಹವಾದುದು.

ರೇಮಂಡರು ದೃಷ್ಟಾಂತವಾಗಿ ತೆಗೆದುಕೊಂಡುದು ತಾವೇ ನಿರ್ವಹಿಸಿದ ‘ಫೆಚ್‌ಮೇಲ್’ ಎಂಬ ಅಂಚೆಯ ತಂತ್ರಾಂಶವನ್ನು. ಅಂಥದರಲ್ಲಿ ದೋಷವಿದ್ದರೆ ಬಳಸುವವನ ಕೆಲಸ ಕೆಡುವುದು, ಅವನು ತಿಳಿಸುವನು, ಬಲ್ಲವನೊಬ್ಬನು ತಿದ್ದುವನು. ಅಲ್ಲಿ ಬಳಸುವವರೆಲ್ಲರೂ ಪರೀಕ್ಷಕರೇ ಸರಿ. ಭದ್ರತೆಯ ದೋಷದ ಸ್ವಭಾವವಾದರೋ ಬೇರೆ. ಅದು ಪ್ರಾಮಾಣಿಕವಾದ ಬಳಕೆಯಲ್ಲಿ ಸಾಮಾನ್ಯವಾಗಿ ತಲೆದೋರದು. ಬೇಕೆಂದೇ ಹುಡುಕುವವನಿಗೆ ಗೋಚರಿಸುವುದು. ಆದುದರಿಂದ ಬಳಸುವವರ ಸಂಖ್ಯೆಯನ್ನೇ ನೋಡುವ ಕಣ್ಣುಗಳ ಸಂಖ್ಯೆಯೆಂದು ಎಣಿಸುವುದು ಯುಕ್ತವಲ್ಲ.

ಇದಕ್ಕೆ ‘ಹಾರ್ಟ್‌ಬ್ಲೀಡ್’ ನಿದರ್ಶನ. ಅಂತರಜಾಲದ ಸಂಭಾಷಣೆಯನ್ನು ಗುಪ್ತವಾಗಿಡುವ ‘ಓಪನ್‌ಎಸ್‌ಎಸ್‌ಎಲ್’ ತಂತ್ರಾಂಶದ 2012ರ ಮಾರ್ಚ್ ತಿಂಗಳ ಆವೃತ್ತಿಯಲ್ಲಿ ಒಂದು ತಪ್ಪು ಸೇರಿತು. ಕಳುಹಿದ ಮಾತು ಕಿರಿದಾಗಿದ್ದರೂ ಹಿರಿದೆಂದು ಸುಳ್ಳಳತೆಯನ್ನು ಹೇಳಿದವನಿಗೆ, ಅದು ಪರೀಕ್ಷಿಸದೆ, ತನ್ನ ಸ್ಮೃತಿಯಿಂದ 64 ಕಿಲೋಬೈಟುಗಳವರೆಗೆ ಒಪ್ಪಿಸಿಬಿಡುತ್ತಿತ್ತು. ನಿಜವನ್ನೇ ಹೇಳುವವರಿಗೆ ಯಾವ ತೊಡಕೂ ಕಾಣಲಿಲ್ಲ. ಸಂಕೇತವು ಎಲ್ಲರೆದುರಿಗೆ ಇದ್ದರೂ ದೋಷವು ಬಯಲಾದುದು 2014ರ ಏಪ್ರಿಲಿನಲ್ಲಿ. ಭಂಡಾರದ ಬಾಗಿಲು ತೆರೆದ ಮಾತ್ರಕ್ಕೆ ಗ್ರಂಥವು ಓದಲ್ಪಟ್ಟಂತಾಗದಷ್ಟೆ.

ಹಾಗೆಂದು ಮುಚ್ಚುವುದೇ ರಕ್ಷೆಯೆನ್ನುವ ಪಕ್ಷವೂ ನಿಲ್ಲದು. ಗುಪ್ತಲಿಪಿಯ ಪದ್ಧತಿಯು ಶತ್ರುವಿನ ಕೈಸೇರಿದರೂ ಕೆಡಬಾರದು, ಕೀಲಿಯೊಂದೇ ರಹಸ್ಯವಾಗಿದ್ದರೆ ಸಾಕು, ಎಂದು ಕೆರ್ಕ್‌ಹೋಫ್ಸರು 1883ರಲ್ಲಿಯೇ ವಿಧಿಸಿದ್ದರು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಹಾವಳಿಯು ಹಬ್ಬಿದುದು ಮುಚ್ಚಿದ ಸಂಕೇತದ ವಿಂಡೋಸಿನ ದೋಷದಿಂದಲೇ. ಮರೆಯು ಹುಡುಕುವವರನ್ನು ತಡೆಯಲಿಲ್ಲ.

ಹಾಗಾದರೆ ಮುಕ್ತತೆಯ ಪ್ರಯೋಜನವೇನು? 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡರು, ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುವುದನ್ನು ಕಂಡು, ‘ಎಕ್ಸ್‌ಜೆಡ್’ ತಂತ್ರಾಂಶದಲ್ಲಿ ಹುದುಗಿಸಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಅವರ ಸಂಶಯವು ಹುಟ್ಟಿದುದು ಸಂಕೇತವನ್ನು ಓದಿದುದರಿಂದಲ್ಲ. ಆದರೆ ಆ ಸಂಶಯವನ್ನು ಬೇರಿನವರೆಗೆ ಬೆನ್ನಟ್ಟಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಮುಕ್ತತೆಯು ಪರೀಕ್ಷೆಗೆ ಅಧಿಕಾರವನ್ನು ಕೊಡುವುದು, ಪರೀಕ್ಷಕನನ್ನು ಕೊಡಲಾರದು. ಪರೀಕ್ಷಕನನ್ನು ನೇಮಿಸಿ ಪೋಷಿಸುವ ಭಾರವು ಆ ತಂತ್ರಾಂಶವನ್ನು ನೆಚ್ಚಿ ಬಾಳುವವರ ಮೇಲಿರುವುದು. ಬಹುನೇತ್ರವಾದವು ಮರೆಯಿಸುವುದು ಈ ಭಾರವನ್ನೇ.