ಕಿವಿಯ ಬಳಿಯ ದನಿ



ನಮ್ಮ ಕಾಫಿ ಸೀಮೆಯ ಮನೆಗಳಲ್ಲಿ ವಿವಾಹದ ಬೆಳ್ಳಿಹಬ್ಬವೋ ಕ್ರಿಸ್ಮಸ್ ಸಂಜೆಯೋ ನಡೆಯುವಾಗ ಯಾವ ಹಾಡುಗಳು ಕೇಳಿಬರುತ್ತವೆ ಎಂಬುದನ್ನು ನೀವು ಗಮನಿಸಿರಬಹುದು. ಮೂಡಿಗೆರೆಯಾಗಲಿ ಕಳಸವಾಗಲಿ, ಮನೆಮಾತು ಕೊಂಕಣಿಯಾಗಲಿ ಕನ್ನಡವಾಗಲಿ, ಹಿರಿಯರ ಅಪೇಕ್ಷೆ ಬಹುಮಟ್ಟಿಗೆ ಒಂದೇ: ಜಿಮ್ ರೀವ್ಸ್, ಕಾರ್ಪೆಂಟರ್ಸ್, ಅವರ ಬೆನ್ನಿಗೇ ವಿಲ್ಫಿ ರೆಬಿಂಬಸ್, ಬಳಿಕ ರಾಜನ್–ನಾಗೇಂದ್ರ ಸೋದರರ ಎಪ್ಪತ್ತರ ದಶಕದ ಚಿತ್ರಗೀತೆಗಳು. ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ತಾವೂ ಗುನುಗುತ್ತಾರೆ. ಸಂಗೀತ ಬಲ್ಲವರು ಇದನ್ನೆಲ್ಲ ಸಕ್ಕರೆಪಾಕವೆಂದು ತಳ್ಳಿಹಾಕುವುದುಂಟು. ಅರ್ಧ ಶತಮಾನ ದಾಟಿಯೂ ಮಾಸದ ರುಚಿಯೊಂದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಹಾಗೆಂದು ಅದರ ಮುಂದೆ ವಿವೇಚನೆಯನ್ನು ಬದಿಗಿಟ್ಟು ಕೂರುವುದೂ ಸಲ್ಲದು.

ರಾಕ್ ಸಂಗೀತವೆಂದರೆ ಅಬ್ಬರವೆಂದೇ ನಮ್ಮ ಕಲ್ಪನೆ. ಆ ಅಬ್ಬರವನ್ನು ತಗ್ಗಿಸಿ, ವಿದ್ಯುತ್ ಗಿಟಾರನ್ನು ಹಿಂದೆ ಸರಿಸಿ, ಪಿಯಾನೊ ಮತ್ತು ಪಿಟೀಲುಗಳ ಮೇಳವನ್ನು ಮುಂದೆ ತಂದ ಸಂಗೀತಕ್ಕೆ ಅಮೆರಿಕದಲ್ಲಿ 1970ರ ದಶಕದ ಆರಂಭದ ಹೊತ್ತಿಗೆ ಸಾಫ್ಟ್ ರಾಕ್ ಎಂಬ ಹೆಸರು ಬಂತು. ಆದರೆ ಈ ಮೃದುತ್ವದ ಬೇರು ಇನ್ನೂ ಹಿಂದಿನದು. ಟೆಕ್ಸಾಸಿನ ಜಿಮ್ ರೀವ್ಸ್ ಹಳ್ಳಿಗಾಡಿನ ಹಾಡುಗಳನ್ನು ಗಟ್ಟಿದನಿಯಲ್ಲಿ ಹಾಡುತ್ತಿದ್ದವರು. 1957ರಲ್ಲಿ 'ಫೋರ್ ವಾಲ್ಸ್' ಹಾಡಿದಾಗ ಅವರು ದನಿ ತಗ್ಗಿಸಿ, ತುಟಿ ಮೈಕಿಗೆ ತಾಗುವಷ್ಟು ಸನಿಹದಲ್ಲಿ ನಿಂತರು. ನಿರ್ಮಾಪಕ ಚೆಟ್ ಅಟ್ಕಿನ್ಸ್ ಹಳ್ಳಿಯ ಪಿಟೀಲನ್ನು ಬಿಟ್ಟು, ಪಿಯಾನೊವನ್ನೂ ಹಿನ್ನೆಲೆಯ ಗಾನವೃಂದವನ್ನೂ ಕೂಡಿಸಿದರು. 1959ರಲ್ಲಿ ಬಂದ ರೀವ್ಸರ ಅತ್ಯಂತ ಪ್ರಸಿದ್ಧ ಗೀತೆ, ದೂರದಲ್ಲಿರುವ ಪ್ರಿಯತಮೆಯೊಡನೆ ಒಬ್ಬಾತ ಟೆಲಿಫೋನಿನಲ್ಲಿ ಆಡುವ ಮಾತು. ಅದು ಬರಿಯ ಕಾಕತಾಳೀಯವಲ್ಲ.

ಏಕೆಂದರೆ ಈ ಸಾಮೀಪ್ಯವೇ ಇಂಥ ಹಾಡುಗಳ ಗುಟ್ಟು. ಮೈಕು ಬರುವ ಮುನ್ನ ಗಾಯಕನು ಸಭೆಯ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಬೇಕಿತ್ತು. ಮೈಕು ಬಂದ ಮೇಲೆ ಒಬ್ಬರ ಕಿವಿಗೆ ಮಾತ್ರ ಎಂಬಂತೆ ಹಾಡುವುದು ಸಾಧ್ಯವಾಯಿತು. ಇದು ಎಲ್ಲರಿಗೂ ಹಿಡಿಸಲಿಲ್ಲ. 1932ರಲ್ಲಿ ಬಾಸ್ಟನ್ ನಗರದ ಕಾರ್ಡಿನಲ್ ವಿಲಿಯಂ ಒಕಾನೆಲ್‌ರು ಇಂಥ ಪಿಸುದನಿಯ ಗಾಯಕರನ್ನು ಬಹಿರಂಗವಾಗಿ ಖಂಡಿಸಿದರು. ಸುಮಾರು ಮೂವತ್ತು ವರ್ಷಗಳ ಬಳಿಕ, 1963ರಲ್ಲಿ, ಅದೇ ಪಿಸುದನಿಯಲ್ಲಿ ರೀವ್ಸರ ಕ್ರಿಸ್ಮಸ್ ಗೀತೆಗಳ ಧ್ವನಿಮುದ್ರಿಕೆ ಹೊರಬಂತು. ಇಂದಿಗೂ ಅದಿಲ್ಲದೆ ನಮ್ಮ ಎಷ್ಟೋ ಮನೆಗಳಲ್ಲಿ ಗೋದಲಿ ಕಟ್ಟುವ ಕೆಲಸ ಸಾಗುವುದಿಲ್ಲ. ಕಾರ್ಡಿನಲರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಘಟ್ಟದ ಮೇಲಿನ ಬದುಕಿಗೆ ಈ ದನಿ ಒಗ್ಗಿದ್ದರಲ್ಲಿ ಆಶ್ಚರ್ಯವೇನಿದೆ? ತೋಟದ ಮನೆಗಳು ಒಂದರಿಂದೊಂದು ದೂರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡದೆ ಹೊಯ್ಯುವಾಗ ನೆರೆಯವರ ಮುಖ ಕಾಣದೆ ವಾರಗಳೇ ಕಳೆಯುತ್ತಿದ್ದವು. ಆ ಏಕಾಂತಕ್ಕೆ ರೇಡಿಯೋ ಸಿಲೋನ್ ಜೊತೆಯಾಯಿತು. ಕಿರುತರಂಗದ ಅಲೆಗಳು ಬಾನಿನ ಮೇಲ್ಪದರಕ್ಕೆ ತಾಗಿ ಮರಳಿ ಇಳಿಯುವುದರಿಂದ ಬೆಟ್ಟಗಳು ಅವಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಗದ್ದಲದ ನಡುವೆ ತೇಲಿ ಮುಳುಗುವ ಆ ಪ್ರಸಾರದಲ್ಲಿ ಅಬ್ಬರದ ವಾದ್ಯಮೇಳ ಕಲಸಿಹೋಗುತ್ತಿತ್ತು. ಒಂಟಿದನಿ ಮಾತ್ರ ಉಳಿಯುತ್ತಿತ್ತು. ಮುಂದೆ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ಹೊತ್ತು ತಂದರು. ದೂರ ಇದ್ದವರಿಗೆ ಹತ್ತಿರದ ದನಿ ಬೇಕಾಗಿತ್ತು, ಅಷ್ಟೆ.

ನಮ್ಮವರೂ ಈ ಹದವನ್ನು ಅರಿತಿದ್ದರು. ಕೊಂಕಣ್ ಕೋಗುಳ್ ಎಂದೇ ಹೆಸರಾದ ಮಂಗಳೂರಿನ ವಿಲ್ಫಿ ರೆಬಿಂಬಸ್ (1942–2010) ಪಾಶ್ಚಾತ್ಯ ಸ್ವರಮೇಳದ ಚಪ್ಪರಕ್ಕೆ ಅಡುಗೆಮನೆಯ ಕೊಂಕಣಿಯನ್ನು ಹಬ್ಬಿಸಿದರು. ರಾಜನ್–ನಾಗೇಂದ್ರರು 'ಎರಡು ಕನಸು' (1974), 'ಬಯಲು ದಾರಿ' (1976) ಚಿತ್ರಗಳಲ್ಲಿ ದೇಸಿ ರಾಗದ ಎಳೆಗೆ ಗಿಟಾರಿನ ಮೆಲುದನಿಯನ್ನು ಹೊಂದಿಸಿದರು. ಇದು ಎರವಲಿನ ಸೊಬಗೆಂಬ ಆಕ್ಷೇಪವಿದೆ. 1986ರಲ್ಲಿ ಎರಿಕ್ ಒಝೇರಿಯೊ ಅವರು ಮಾಂಡ್ ಸೊಭಾಣ್ ಸಂಸ್ಥೆಯನ್ನು ಕಟ್ಟಿ, ಕೊಂಕಣಿಯ ಸ್ವಂತ ಜಾನಪದ ಲಯಗಳನ್ನು ಹುಡುಕಹೊರಟದ್ದು ಇಂಥದೇ ಅಸಮಾಧಾನದಿಂದ. ಆ ಹುಡುಕಾಟ ಬೇಕಾಗಿತ್ತು. ಆದರೆ ವಿಲ್ಫಿಯವರ ಹಾಡಿನಲ್ಲಿ ಮಾತು ನಮ್ಮದು, ನಗು ನಮ್ಮದು. ಎರವಲು ಬಂದದ್ದು ಚಪ್ಪರ ಮಾತ್ರ.

ಇನ್ನು ಹಂಬಲದ ವಿಷಯ. ಕಾರ್ಪೆಂಟರ್ಸ್ ಎಂಬ ಅಣ್ಣ-ತಂಗಿಯರ 'ಯೆಸ್ಟರ್‌ಡೇ ಒನ್ಸ್ ಮೋರ್' ಹಾಡನ್ನು ನೀವು ಕೇಳಿರುತ್ತೀರಿ. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿದ ಹಾಡುಗಳನ್ನು ನೆನೆದು ಕಣ್ಣೀರಿಡುವ ಹಾಡು ಅದು. ಬಂದದ್ದು 1973ರಲ್ಲಿ, ಆಗ ಗಾಯಕಿ ಕ್ಯಾರನ್ ಅವರಿಗೆ ಇಪ್ಪತ್ತಮೂರು ವರ್ಷ. ಅವರು ಹಂಬಲಿಸಿದ ಹಳೆಯ ಕಾಲ ಕೇವಲ ಹತ್ತು ವರ್ಷ ಹಿಂದಿನದು! ಅಂದರೆ ಆ ಗೀತೆ ಹೊಸದಾಗಿದ್ದಾಗಲೇ ಹಳೆಯದಾಗಿ ಹುಟ್ಟಿತ್ತು. ಬಾಳೆಹೊನ್ನೂರಿನಲ್ಲಿ ಕುಳಿತು ಇಂದು ಅದನ್ನು ಕೇಳಿ ನಿಟ್ಟುಸಿರು ಬಿಡುವ ನಾವು, ಕ್ಯಾಲಿಫೋರ್ನಿಯದ ಯುವತಿಯೊಬ್ಬಳ ನೆನಪನ್ನು ನಮ್ಮದೆಂದು ಎದೆಗೊತ್ತಿಕೊಂಡಿದ್ದೇವೆ. ಆದರೂ ಆ ಹಾಡು ಪೊಳ್ಳಲ್ಲ. ಕ್ಯಾರನ್ ದನಿ ಹೆಣ್ಣುದನಿಗಳಲ್ಲಿ ತಗ್ಗಿನದು. ಅಣ್ಣ ರಿಚರ್ಡ್ ಹೆಣೆದ ನಯವಾದ ವಾದ್ಯಮೇಳದ ಅಡಿಯಲ್ಲಿ ಅದು ಯಾವುದೋ ಭಾರವನ್ನು ಹೊತ್ತು ನಡೆಯುತ್ತದೆ. ಊಟವನ್ನೇ ತೊರೆಯುವ ಅನೊರೆಕ್ಸಿಯ ಎಂಬ ಕಾಯಿಲೆಯಿಂದ ನರಳಿ, 1983ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೆರಡು. ಅದನ್ನು ತಿಳಿಯದವರಿಗೂ ಆ ದನಿಯಲ್ಲಿ ನೋವು ಕೇಳುತ್ತದೆ. ಅದೇ ಕಾಲದ ಇತರ ಹಲವು ಸಿಹಿ ಹಾಡುಗಳಲ್ಲಿ ನಯ ಮಾತ್ರವಿದೆ, ನೋವಿಲ್ಲ. ಅವು ಬೇಗನೆ ಬೇಸರ ತರಿಸುತ್ತವೆ.

ಇಂಥ ಹಂಬಲಕ್ಕೆ ನೊಸ್ಟಾಲ್ಜಿಯ ಎಂಬ ಹೆಸರನ್ನು ಕೊಟ್ಟವರು ಕವಿಗಳಲ್ಲ, ವೈದ್ಯರು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ, ಮನೆಯ ಹಂಬಲದಿಂದ ಕೃಶವಾಗುವವರ ರೋಗಕ್ಕೆ ಈ ಹೆಸರಿಟ್ಟರು. ಪರದೇಶದಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಸ್ವಿಸ್ ಸೈನಿಕರು ತಮ್ಮ ಬೆಟ್ಟದ ದನಗಾಹಿಗಳ ರಾಗ ಕೇಳಿದರೆ ಅಳುತ್ತಾರೆ, ಸೈನ್ಯ ಬಿಟ್ಟು ಓಡುತ್ತಾರೆ ಎಂದು ಅದನ್ನು ನುಡಿಸುವುದನ್ನೇ ನಿಷೇಧಿಸಲಾಗಿತ್ತೆಂದು ರೂಸೋ ತಮ್ಮ ಸಂಗೀತ ನಿಘಂಟಿನಲ್ಲಿ (1768) ಬರೆದರು. ಬೆಟ್ಟದ ಜನರ ಸ್ವಭಾವ ಎಲ್ಲೆಡೆಯೂ ಹೀಗೆಯೇ ಏನೋ!

ಆ ಸೈನಿಕರ ಹಂಬಲ ತಮ್ಮದೇ ದನ, ತಮ್ಮದೇ ಬೆಟ್ಟಕ್ಕಾಗಿ. ನಮ್ಮದು ಯಾವುದಕ್ಕಾಗಿ? "ಆ ಕಾಲವೇ ಚೆನ್ನಾಗಿತ್ತು" ಎನ್ನುವಾಗ ಅದು ಯಾರ ಕಾಲವೆಂದು ಕೇಳಿಕೊಳ್ಳಬೇಕಾಗುತ್ತದೆ. ಬಂಗಲೆಯಲ್ಲಿ ಗ್ರಾಮಫೋನು ತಿರುಗುತ್ತಿದ್ದ ಕಾಲದಲ್ಲೇ, ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಬಂದ ಆಳುಗಳು ಲೈನ್ ಮನೆಗಳಲ್ಲಿ ಕಂಬಳಿ ಹೊದ್ದು ಚಳಿಯನ್ನೂ ಮಲೇರಿಯವನ್ನೂ ಎದುರಿಸಿದರು. ಅವರ ಜೊತೆಗಿದ್ದ ಹಾಡು ತುಳು ಪಾಡ್ದನ. ಅಲ್ಲಿ ನಯವಿಲ್ಲ, ಅನ್ಯಾಯಕ್ಕೊಳಗಾಗಿ ಸತ್ತವರ ಕಥೆಯಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಎರಡೂ ಬಗೆಯ ಮನೆಗಳ ಮೊಮ್ಮಕ್ಕಳು ಇಂದು ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಜಿಮ್ ರೀವ್ಸ್ ಹಾಡನ್ನು ಮೆಚ್ಚುತ್ತಾರೆ. ನಯವಾದ ಸಂಗೀತದ ದೊಡ್ಡ ಅಪಾಯವಿದು: ಅದು ಎಲ್ಲರಿಗೂ ಒಂದೇ ಭೂತಕಾಲವನ್ನು ಹಂಚಿಬಿಡುತ್ತದೆ.

ಇನ್ನೊಂದು ಉದಾಹರಣೆ. ಬೋನಿ ಎಂ. ತಂಡದ 'ರಿವರ್ಸ್ ಆಫ್ ಬ್ಯಾಬಿಲೋನ್' (1978) ಸಾಫ್ಟ್ ರಾಕ್ ಅಲ್ಲ, ಕುಣಿತದ ಡಿಸ್ಕೋ. ಆದರೆ ನಮ್ಮ ಮದುವೆ ಮನೆಗಳಲ್ಲಿ ಅದೂ ಇದೇ ಪಂಕ್ತಿಯದು. ಅದರ ಮೂಲ 137ನೆಯ ಕೀರ್ತನೆ, ಗಡೀಪಾರಾದವರ ಗೋಳು. ವೈರಿಯ ನಾಡಿನಲ್ಲಿ ಹಾಡಲಾರೆವೆಂದು ವೀಣೆಗಳನ್ನು ಮರಕ್ಕೆ ತೂಗುಹಾಕಿದವರ ಮಾತಿಗೆ ನಾವು ಕೈಕೈ ಹಿಡಿದು ಕುಣಿಯುತ್ತೇವೆ! ಆ ಕೀರ್ತನೆಯ ಕೊನೆಯ ಭೀಕರ ಶಾಪವಂತೂ ಹಾಡಿನಲ್ಲಿ ಸುಳಿಯುವುದೇ ಇಲ್ಲ. ನ್ಯಾಯವಾಗಿ ಹೇಳುವುದಾದರೆ, ಯಾಜಕರಾದ ನಾವು ನಾಲ್ಕನೆಯ ವಾರದ ಮಂಗಳವಾರ ಸಂಜೆ ಜಪಿಸುವ ಪ್ರಾರ್ಥನಾಗ್ರಂಥವೂ ಆ ಕೊನೆಯ ಚರಣಗಳನ್ನು ಬಿಟ್ಟಿದೆ. ಒರಟನ್ನು ಉಜ್ಜಿ ನಯಗೊಳಿಸುವ ಆಸೆ ಹಾಡುಗಾರರದ್ದು ಮಾತ್ರವಲ್ಲ.

ಜಿಮ್ ರೀವ್ಸ್ 1964ರ ಜುಲೈ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆದರೆ ಅವರ ಹೊಸ ಧ್ವನಿಮುದ್ರಿಕೆಗಳು ಆ ಬಳಿಕವೂ ಸುಮಾರು ಇಪ್ಪತ್ತು ವರ್ಷ ಬರುತ್ತಲೇ ಇದ್ದವು. ಹಳೆಯ ಟೇಪುಗಳಿಂದ ದನಿಯನ್ನು ಬಿಡಿಸಿಕೊಂಡು ಸುತ್ತ ಹೊಸ ವಾದ್ಯಗಳನ್ನು ಕೂಡಿಸುತ್ತಿದ್ದರು. 1981ರಲ್ಲಿ ಅವರದೊಂದು ಯುಗಳಗೀತೆಯೂ ಬಂತು. ಜೊತೆಗೆ ಹಾಡಿದವರು ಪ್ಯಾಟ್ಸಿ ಕ್ಲೈನ್. ಅವರು 1963ರಲ್ಲಿ ಇನ್ನೊಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದವರು. ಬದುಕಿದ್ದಾಗ ಆ ಹಾಡನ್ನು ಇಬ್ಬರೂ ಬೇರೆ ಬೇರೆಯಾಗಿ ಹಾಡಿದ್ದರೇ ಹೊರತು ಒಟ್ಟಿಗೆ ಅಲ್ಲ. ಕೇಳಿ ನೋಡಿ, ಎರಡು ದನಿಗಳೂ ಒಂದೇ ಮೈಕಿನ ಮುಂದೆ, ಪಕ್ಕಪಕ್ಕದಲ್ಲಿ ನಿಂತಂತೆ ಕೇಳಿಸುತ್ತವೆ.