ಕೇಳಲು ಕೊಟ್ಟ ಹಾಡು, ಹಾಡಲು ಕೊಟ್ಟ ಹಾಡು

ಈಗಿನ ಸಂಗೀತ ಸಂಯೋಜಕರಿಗೆ ಹಿಂದಿನವರಿಗಿಲ್ಲದ ಒಂದು ಸ್ವಾತಂತ್ರ್ಯ ಸಿಕ್ಕಿದೆ. ಮನೆಯ ಒಂದು ಕೋಣೆಯಲ್ಲಿ ಕುಳಿತು ರಾಗ ಹಾಕಿ, ಅಲ್ಲೇ ಹಾಡಿ, ಅಲ್ಲೇ ವಾದ್ಯಗಳನ್ನು ಸೇರಿಸಿ, ಸಂಜೆಯೊಳಗೆ ಯೂಟ್ಯೂಬಿಗೆ ಏರಿಸಿದರೆ ರಾತ್ರಿ ಊಟದ ಹೊತ್ತಿಗೆ ಆ ಹಾಡು ಪಂಜದ ಅಡುಗೆಮನೆಗಳಿಗೂ ಬರುತ್ತದೆ, ಅಮೆರಿಕದಲ್ಲಿರುವ ನಮ್ಮೂರಿನ ಮಕ್ಕಳ ಮನೆಗೂ ಹೋಗುತ್ತದೆ. ಆಕಾಶವಾಣಿಯ ಪರೀಕ್ಷೆಯಲ್ಲಿ ಪಾಸಾಗಬೇಕೆಂದಿಲ್ಲ, ಕ್ಯಾಸೆಟ್ ಕಂಪೆನಿಯ ಬಾಗಿಲಲ್ಲಿ ಕಾಯಬೇಕೆಂದಿಲ್ಲ. ಇದು ಸಣ್ಣ ಮಾತಲ್ಲ. ರಘು ದೀಕ್ಷಿತ್ ಅವರ ಮೊದಲ ಧ್ವನಿಮುದ್ರಿಕೆಯನ್ನು ಕಂಪೆನಿಗಳು ವರ್ಷಗಟ್ಟಲೆ ನಿರಾಕರಿಸಿದ್ದವು. ಕೊನೆಗೆ ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ ಅದನ್ನು ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಹೊರತಂದಿತು. ಇಂದು ಅಂಥ ಹುಡುಗನೊಬ್ಬ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.

ಹೀಗೆ ಬರುವ ಹಾಡುಗಳನ್ನು ನಾನು ಪ್ರೀತಿಯಿಂದ ಕೇಳುತ್ತೇನೆ. ಅವುಗಳ ಬಗ್ಗೆ ನನಗಿರುವ ಪ್ರಶ್ನೆ ಒಂದೇ. ಈ ಹೊಸ ಸಂಯೋಜಕರು ತಾವು ಹಾಡನ್ನು ಹಂಚಿಕೊಳ್ಳುತ್ತಿದ್ದೇವೆ ಎನ್ನುತ್ತಾರಲ್ಲ, ಅವರು ನಮಗೆ ನಿಜವಾಗಿ ಏನನ್ನು ಕೊಡುತ್ತಿದ್ದಾರೆ? ಕೇಳುವುದಕ್ಕೆ ಕೊಡುತ್ತಿದ್ದಾರೆಯೇ, ಹಾಡುವುದಕ್ಕೆ ಕೊಡುತ್ತಿದ್ದಾರೆಯೇ?

ಎರಡಕ್ಕೂ ವ್ಯತ್ಯಾಸ ಉಂಟು. ಪೇಟೆಯ ಅಂಗಡಿಯಿಂದ ತಂದ ಹೋಳಿಗೆಯನ್ನು ತಿನ್ನಬಹುದು. ಹೋಳಿಗೆ ಮಾಡುವ ಕ್ರಮವನ್ನು ನೆರೆಮನೆಯವಳು ಹೇಳಿಕೊಟ್ಟರೆ ಅದು ನಮ್ಮ ಮನೆಯ ಹಬ್ಬಕ್ಕೂ ಆಯಿತು, ನಮ್ಮ ಸೊಸೆಯ ಮನೆಯ ಹಬ್ಬಕ್ಕೂ ಆಯಿತು. ಹಾಡಿನ ವಿಷಯದಲ್ಲಿ ನಮ್ಮ ಹಿಂದಿನ ದೊಡ್ಡ ಸಂಯೋಜಕರು ಎರಡನೆಯ ರೀತಿಯವರಾಗಿದ್ದರು.

ಮೈಸೂರು ಅನಂತಸ್ವಾಮಿಯವರನ್ನೇ ನೋಡಿ. ನಿಸಾರ್ ಅಹಮದರ ಕವಿತೆಗಳಿಗೆ ಅವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂತು. ಭಾವಗೀತೆಗಳ ಕ್ಯಾಸೆಟ್ಟುಗಳ ಕಾಲ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಟೇಪ್ ರೆಕಾರ್ಡರ್ ಇದ್ದದ್ದು ಊರಿಗೆ ಒಂದೋ ಎರಡೋ ಮನೆಯಲ್ಲಿ. ಆದರೂ ಆ ಹಾಡು ಟೇಪ್ ಇಲ್ಲದ ಮನೆಗಳನ್ನೂ ಮುಟ್ಟಿತು; ಏಕೆಂದರೆ ಕೇಳಿದವರು ಹಾಡಿದರು. ಶಾಲೆಯ ಮಕ್ಕಳು ಹಾಡಿದರು, ಮಹಿಳಾ ಮಂಡಲದ ಸಭೆಯಲ್ಲಿ ಪ್ರಾರ್ಥನೆಗೆ ಹಾಡಿದರು. ಬರಿಯ ಹಾರ್ಮೋನಿಯಂ ಇದ್ದರೆ ಸಾಕಿತ್ತು, ಅದೂ ಇಲ್ಲದಿದ್ದರೆ ಕೈತಾಳ ಸಾಕಿತ್ತು. ವಾದ್ಯಗಳನ್ನು ಕಳಚಿದ ಮೇಲೂ ರಾಗ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು.

ಅವರದೇ ಇನ್ನೊಂದು ಉದಾಹರಣೆ ನಮ್ಮ ನಾಡಗೀತೆ. ಕುವೆಂಪು ಅವರ ಈ ಕವಿತೆಯನ್ನು ಸರಕಾರ ನಾಡಗೀತೆಯೆಂದು ಅಂಗೀಕರಿಸಿದ್ದು 2004ರಲ್ಲಿ. ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರಕಾರ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು ಆದೇಶ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಗಿ 2024ರಲ್ಲಿ ವಜಾ ಆಯಿತು. ನನಗೆ ಇದರಲ್ಲಿ ಕಾಣುವುದು ಸೋಲು ಗೆಲುವಲ್ಲ. ಒಂದು ಹಾಡಿನ ಧಾಟಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಅದು ಜನರ ಬಾಯಲ್ಲಿತ್ತು ಎಂಬ ಮಾತು ಕಾಣುತ್ತದೆ. ಅನಂತಸ್ವಾಮಿಯವರು 1995ರಲ್ಲೇ ತೀರಿಕೊಂಡರು, ಅಶ್ವಥ್ 2009ರಲ್ಲಿ. ಇಬ್ಬರೂ ಇಲ್ಲದ ಮೇಲೂ ಅವರ ಧಾಟಿಗಳು ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳ ಗಂಟಲಿನಲ್ಲಿ ಬದುಕಿವೆ. ಹಾಡಲು ಕೊಟ್ಟ ಹಾಡು ಎಂದರೆ ಇದು.

ನಮ್ಮ ಜಿಲ್ಲೆಯವರೇ ಆದ ಬಿ. ವಿ. ಕಾರಂತರದ್ದು ಇನ್ನೂ ವಿಶೇಷ. ಬಂಟ್ವಾಳದ ಮಂಚಿಯಿಂದ ಹೊರಟು, ಗುಬ್ಬಿ ಕಂಪೆನಿ ಸೇರಿ, ಬನಾರಸಿನಲ್ಲಿ ಓದಿ ಬಂದ ಈ ಮನುಷ್ಯ ಸಿನಿಮಾ ಸಂಗೀತಕ್ಕಾಗಿ ಎರಡು ಸಲ ರಾಷ್ಟ್ರಪ್ರಶಸ್ತಿ ಪಡೆದರು, 'ಋಷ್ಯಶೃಂಗ'ಕ್ಕೆ ಮತ್ತು 'ಘಟಶ್ರಾದ್ಧ'ಕ್ಕೆ. ಆದರೆ ಜನ ಅವರನ್ನು ನೆನೆಯುವುದು ರಂಗಗೀತೆಗಳಿಂದ. ನಟರಿಗೆ ಹಾಡಲು ಬರಬೇಕು, ಅದೂ ಕುಣಿಯುತ್ತಾ ಹಾಡಲು ಬರಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ ಹಾಡುಗಳವು. ನಾಟಕ ಮುಗಿದ ಮೇಲೆ ನಟರ ಜೊತೆಗೆ ಹಾಡೂ ಊರೂರಿಗೆ ಹೋಯಿತು. ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಅವರ ಪತ್ನಿ ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯಲ್ಲಿ ಮಾಡಿದ ಕೆಲಸವನ್ನು ಬಲ್ಲವರಿಗೆ, ಮಕ್ಕಳ ಬಾಯಿಗೆ ಹಾಡು ಹತ್ತುವುದೆಂದರೇನು ಎಂದು ವಿವರಿಸಬೇಕಾಗಿಲ್ಲ.

ಇನ್ನೂ ಹಿಂದೆ ಹೋದರೆ ಗದ್ದೆಯ ಹಾಡುಗಳಿದ್ದವು. ನಮ್ಮ ಕಡೆ ಗದ್ದೆಗಳು ಅಡಿಕೆ ತೋಟ, ರಬ್ಬರ್ ಆಗುವ ಮೊದಲು ನೇಜಿ ನೆಡುವ ಹೆಂಗಸರು ತುಳುವಿನಲ್ಲಿ ಪಾಡ್ದನ ಹೇಳುತ್ತಿದ್ದರು. ಒಬ್ಬಳು ಎತ್ತಿಕೊಡುವುದು, ಉಳಿದವರು ಹಿಡಿಯುವುದು. ಎತ್ತಿಕೊಡುವವಳ ಶ್ರುತಿಯೇ ಮುಖ್ಯ. ಸಾಲಿನಲ್ಲಿ ಹದಿನಾರರ ಹುಡುಗಿಯೂ ಇದ್ದಾಳೆ, ಅರವತ್ತರ ಅಜ್ಜಿಯೂ ಇದ್ದಾಳೆ. ಇಬ್ಬರಿಗೂ ಎಟಕುವ ಹಾಗೆ ಎತ್ತಬೇಕು. ಅವಳಿಗೆ ಸಂಗೀತದ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಈ ಲೆಕ್ಕ ಗೊತ್ತಿತ್ತು.

ಈ ಲೆಕ್ಕ ಇಂದಿನ ಸಂಯೋಜಕರಲ್ಲಿ ಅನೇಕರಿಗೆ ತಪ್ಪಿದೆ ಎನ್ನುವುದು ನನ್ನ ದೂರು. ಅದು ತಿಳಿಯುವುದು ಶಾಲೆಯ ವಾರ್ಷಿಕೋತ್ಸವದ ತಯಾರಿಯಲ್ಲಿ. ಈಗ ಹಾರ್ಮೋನಿಯಂ ಇಲ್ಲ. ಮೊಬೈಲಿನಿಂದ ಕರೋಕೆ ಟ್ರ್ಯಾಕ್ ಇಳಿಸಿಕೊಂಡು ಮಕ್ಕಳು ಅದರ ಮೇಲೆ ಹಾಡುತ್ತಾರೆ. ಟ್ರ್ಯಾಕ್ ಮಾಡಿದ್ದು ಮೂಲ ಗಾಯಕನ ಶ್ರುತಿಯಲ್ಲಿ, ಅವನು ಹೆಚ್ಚಾಗಿ ಗಂಡಸು. ಗಂಡಸರು ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಒಂದು, ಬಿಳಿ ಎರಡರ ಆಸುಪಾಸಿನಲ್ಲಿ ಹಾಡುತ್ತಾರೆ. ಹೆಂಗಸರಿಗೆ ಬಿಳಿ ಐದು, ಬಿಳಿ ಆರು ಹಿತ. ಹುಡುಗಿಯೊಬ್ಬಳು ಗಂಡಸಿನ ಟ್ರ್ಯಾಕಿನ ಮೇಲೆ ಹಾಡಿದರೆ ಎರಡೇ ದಾರಿ. ಕೆಳಗಿನ ಸ್ಥಾಯಿಯಲ್ಲಿ ಹಿಡಿದರೆ ಮಂದ್ರದ ಸ್ವರಗಳು ಬಂದಾಗ ದನಿ ಒಳಗೇ ಇಂಗುತ್ತದೆ, ಮುಂದಿನ ಸಾಲಿನಲ್ಲಿ ಕುಳಿತವರಿಗೂ ಕೇಳುವುದಿಲ್ಲ. ಮೇಲಿನ ಸ್ಥಾಯಿಯಲ್ಲಿ ಹಿಡಿದರೆ ಚರಣದಲ್ಲಿ ಗಂಟಲ ನರ ಉಬ್ಬುತ್ತದೆ, ಹಾಡು ಕಿರುಚಾಟವಾಗುತ್ತದೆ. ಸಭೆಯಲ್ಲಿ ಕುಳಿತವರು, "ಪಾಪ, ಹುಡುಗಿಗೆ ಸ್ವರ ಸಾಲದು" ಎನ್ನುತ್ತಾರೆ. ಹುಡುಗಿಯೂ ಅದನ್ನೇ ನಂಬುತ್ತಾಳೆ, ಮರುವರ್ಷ ಹೆಸರು ಕೊಡುವುದಿಲ್ಲ. ಸ್ವರ ಸಾಕಷ್ಟು ಉಂಟು. ಶ್ರುತಿ ಅವಳದ್ದಲ್ಲ, ಅಷ್ಟೇ. ಮೊಬೈಲಿನಲ್ಲೇ ಶ್ರುತಿ ಬದಲಿಸುವ ಉಪಾಯ ಇದೆಯೆಂದು ಹೇಳುವವರಿದ್ದಾರೆ. ಒಂದೆರಡು ಮನೆ ಸರಿಸಿದರೆ ಪರವಾಗಿಲ್ಲ, ನಾಲ್ಕೈದು ಮನೆ ಸರಿಸಿದರೆ ಕೊಳಲು ಪೀಪಿಯ ಹಾಗೆ ಕೇಳುತ್ತದೆ.

ಕ್ಯಾಸೆಟ್ ಕಾಲದಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ಟ್ರ್ಯಾಕ್ ಎಂಬುದೇ ಇಲ್ಲದ ಕಾರಣ ಹಾಡುವವಳು ತನಗೆ ಬೇಕಾದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಜೊತೆಗೆ ಅಶ್ವಥ್ ಅವರಂಥ ಎತ್ತರದ ಗಂಟಲಿನ ಸಂಯೋಜಕರೂ ತಮ್ಮ ಎಷ್ಟೋ ಹಾಡುಗಳನ್ನು ರತ್ನಮಾಲಾ ಪ್ರಕಾಶ್ ಅಂಥವರಿಗೆ ಕೊಟ್ಟರು. ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಯ ಹೆಂಡತಿ ಮಾತಾಡುವಾಗ ನಮ್ಮ ದನಿಯೇ ಅಲ್ಲಿ ಕೇಳುತ್ತಿತ್ತು. ಈಗ ಸಂಯೋಜಕ, ಗಾಯಕ, ವಾದ್ಯಗಾರ ಎಲ್ಲವೂ ಒಬ್ಬನೇ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಹಾಡು ಆ ಒಬ್ಬನ ಗಂಟಲಿನ ಅಳತೆಗೆ ಹೊಲಿದ ಅಂಗಿಯಾಗುತ್ತದೆ.

ಶಿಶುನಾಳ ಶರೀಫರ, ಮನೆಯ ಮಾಳಿಗೆ ಸೋರುವ ಹಾಡನ್ನು ತೆಗೆದುಕೊಳ್ಳಿ. ಆರು ತಿಂಗಳು ಮಳೆ ನೋಡುವ ನಮಗೆ ಆ ಹಾಡಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಅಶ್ವಥ್ ಅವರು 1990ರ ನಾಗಾಭರಣರ ಚಿತ್ರಕ್ಕೆ ಶರೀಫರ ಹಾಡುಗಳನ್ನು ಕೂಡಿಸುವ ಹೊತ್ತಿಗೆ, ಈ ಹಾಡೂ ಸುಗಮ ಸಂಗೀತದ ವೇದಿಕೆಗಳಿಂದ ಇಳಿದು ಮನೆಗಳಿಗೆ ಬಂದಿತ್ತು. ರಘು ದೀಕ್ಷಿತ್ 2008ರ ತಮ್ಮ ಮುದ್ರಿಕೆಯಲ್ಲಿ ಇದನ್ನೇ ಗಿಟಾರ್, ಪಿಟೀಲುಗಳ ಜೊತೆ ಹಾಡಿದರು. ಶರೀಫರ ಹೆಸರೇ ಕೇಳದ ಕಾಲೇಜು ಹುಡುಗರು ಇದರಿಂದಾಗಿ ಶರೀಫರನ್ನು ಕೇಳಿದರು. ಅದು ದೊಡ್ಡ ಉಪಕಾರ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ನನ್ನ ಕಿವಿಗೆ ಕಂಡಂತೆ, ಇದರಲ್ಲಿ ಕೇಳುವವರು ಸುಮ್ಮನೆ ಕುಳಿತು ಬೆರಗಾಗಬೇಕು. ಹಾಡಿನ ಅರ್ಧ ಜೀವ ವಾದ್ಯಗಳಲ್ಲಿದೆ. ಹಳೆಯ ಧಾಟಿಯನ್ನು ಭಜನಾ ಮಂಡಳಿಯವರು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಒಂದು ಸಭೆಗೆ ಚೆನ್ನ, ಒಂದು ಜಗಲಿಗೆ ಚೆನ್ನ. ಎರಡೂ ಬೇಕು. ಈಗ ಬರುವ ಹಾಡುಗಳೆಲ್ಲವೂ ಸಭೆಯದ್ದೇ ಆಗುತ್ತಿವೆ, ಜಗಲಿಯದ್ದು ಕಡಿಮೆಯಾಗುತ್ತಿದೆ ಎಂಬುದೇ ನನ್ನ ಮಾತು.

ಹಾಗೆಂದು ಎಲ್ಲರೂ ಹಾಗೆ ಎಂದರೆ ಅನ್ಯಾಯವಾಗುತ್ತದೆ. ರಂಗಭೂಮಿಯಿಂದ ಬಂದ ವಾಸುಕಿ ವೈಭವ್ ಅವರ ಹಾಡುಗಳಲ್ಲಿ ಆ ಹಳೆಯ ಲೆಕ್ಕ ಉಳಿದಿದೆ. ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಕಥೆಯುಳ್ಳ 'ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಿತ್ರ 2018ರಲ್ಲಿ ಬಂದಾಗ, ಅದರ ಶಾರದೆಯ ಹಾಡು ಶಾಲೆಗಳ ಪ್ರಾರ್ಥನೆಯ ಪಟ್ಟಿಗೆ ತಾನಾಗಿ ಸೇರಿತು. ಯಾರೂ ಸುತ್ತೋಲೆ ಕಳಿಸಲಿಲ್ಲ. ಎರಡು ಸಲ ಕೇಳಿದರೆ ಮಕ್ಕಳ ಬಾಯಿಗೆ ಬರುತ್ತದೆ, ಟ್ರ್ಯಾಕ್ ಇಲ್ಲದಿದ್ದರೂ ನಡೆಯುತ್ತದೆ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳು ಪಡುವ ಪಾಡು ನಮಗೆ ಹತ್ತಿರದಿಂದ ಗೊತ್ತಿರುವುದರಿಂದ ಆ ಹಾಡು ನಮಗೆ ಇನ್ನಷ್ಟು ನಮ್ಮದು. ಮುಂದೆ ಬಿಗ್ ಬಾಸ್ ಮನೆಯೊಳಗಿದ್ದಾಗ ಅವರು ಕಟ್ಟಿದ ಹಾಡೂ ಅಷ್ಟೆ. ಸ್ಟುಡಿಯೋ ಇಲ್ಲದ ಕಡೆ ಹುಟ್ಟಿದ್ದರಿಂದಲೋ ಏನೋ, ಸ್ಟುಡಿಯೋ ಇಲ್ಲದವರೂ ಅದನ್ನು ಗುನುಗಿದರು.

ಮತ್ತೊಬ್ಬರು ಬಿಂದುಮಾಲಿನಿ. 2018ರ 'ನಾತಿಚರಾಮಿ' ಚಿತ್ರಕ್ಕೆ ಸಂಗೀತ ಕಟ್ಟಿದವರೂ ಅವರೇ, ಅದರ ಹಾಡಿಗೆ ಶ್ರೇಷ್ಠ ಗಾಯಕಿಯ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ. ರಾಗ ಹಾಕುವವಳೂ ಹೆಣ್ಣಾದಾಗ ಹಾಡು ಹುಟ್ಟುವುದೇ ನಮ್ಮ ಶ್ರುತಿಯಲ್ಲಿ. ಕನ್ನಡದಲ್ಲಿ ಹಾಡುವ ಹೆಂಗಸರ ಹೆಸರು ಕೇಳಿದರೆ ಹತ್ತು ಬೆರಳು ಸಾಲದು. ರಾಗ ಹಾಕುವ ಹೆಂಗಸರ ಹೆಸರು ಕೇಳಿದರೆ ಒಂದು ಕೈಯ ಬೆರಳಿಗೇ ತಡವರಿಸುತ್ತೇವೆ. ಮನೆಯ ಕೋಣೆಯಿಂದಲೇ ಲೋಕಕ್ಕೆ ಹಾಡು ಕಳಿಸಬಹುದಾದ ಈ ಕಾಲದಲ್ಲಿ, ಮನೆಯಲ್ಲೇ ಹೆಚ್ಚು ಹೊತ್ತು ಇರುವ ನಮ್ಮ ಹೆಣ್ಣುಮಕ್ಕಳು ಆ ಕೆಲಸಕ್ಕೆ ಇಳಿಯಬೇಕು ಎಂಬುದು ನನ್ನ ಆಸೆ.

ಹಾಡಲು ಕೊಟ್ಟರೆ ಕದಿಯುತ್ತಾರೆ ಎಂಬ ಹೆದರಿಕೆ ಸಂಯೋಜಕರಿಗೆ ಇರಬಹುದು. ಅದು ಸುಳ್ಳು ಹೆದರಿಕೆಯಲ್ಲ. ಹೊಟ್ಟೆಪಾಡು ಎಲ್ಲರಿಗೂ ಉಂಟು. ಬೇರೆಯವರ ಹಾಡನ್ನು ತಮ್ಮದೆಂದು ಮಾರುವವರನ್ನು ಯಾರೂ ಸಮರ್ಥಿಸಬಾರದು. ಆದರೆ ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳು, ಅಧ್ಯಾಪಕರು, ಹೆತ್ತವರ ಎದುರು ಹಾಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಕಾನೂನಿಗೆ ಗೊತ್ತಿರುವ ಈ ಭೇದ, ಹಾಡು ಹಾಕುವವರಿಗೂ ಗೊತ್ತಿದ್ದರೆ ಒಳ್ಳೆಯದು. ಮಕ್ಕಳು ಹಾಡಿದ್ದರಿಂದ ಯಾವ ಸಂಯೋಜಕನೂ ಬಡವನಾದದ್ದಿಲ್ಲ. ಅನಂತಸ್ವಾಮಿಯವರ ಹೆಸರು ಇಂದಿಗೂ ಉಳಿದದ್ದು ಮಕ್ಕಳು ಹಾಡಿದ್ದರಿಂದಲೇ.

ಹಾಗಾಗಿ ಹೊಸ ಹಾಡು ಹಾಕುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಹಾಡಿನ ಕೆಳಗೆ ಚಂದಾದಾರರಾಗಿ, ಗಂಟೆ ಒತ್ತಿ ಎಂದು ಬರೆಯುವ ಜಾಗದಲ್ಲೇ ಇನ್ನೂ ನಾಲ್ಕು ಮಾತು ಬರೆಯಲಿ: ಕವಿ ಯಾರು, ರಾಗ ಯಾವುದು, ತಾಳ ಯಾವುದು, ಶ್ರುತಿ ಯಾವುದು. ಸಾಧ್ಯವಾದರೆ ಪೂರ್ತಿ ಸಾಹಿತ್ಯ ಮತ್ತು ಸ್ವರಲಿಪಿ ಕೊಡಲಿ. ಗಂಡಸಿನ ಶ್ರುತಿಯಲ್ಲಿ ಒಂದು ಟ್ರ್ಯಾಕ್ ಮಾಡುವಾಗ ಹೆಂಗಸರ, ಮಕ್ಕಳ ಶ್ರುತಿಯಲ್ಲೂ ಒಂದು ಮಾಡಲಿ. ಕಂಪ್ಯೂಟರಿನಲ್ಲಿ ವಾದ್ಯ ಕೂಡಿಸುವವರಿಗೆ, ಮೂಲದಲ್ಲೇ ಶ್ರುತಿ ಬದಲಿಸಿ ಇನ್ನೊಂದು ಪ್ರತಿ ತೆಗೆಯುವುದು ಹೆಚ್ಚಿನ ಶ್ರಮದ ಕೆಲಸವಲ್ಲ. ಇಷ್ಟಾದರೆ ಪಂಜದಂಥ ಊರಿನ ಹುಡುಗಿಯೂ ಬೆಂಗಳೂರಿನ ಹಾಡನ್ನು ತನ್ನ ದನಿಯಲ್ಲಿ ಹಾಡಬಲ್ಲಳು.

ಕೇಳುವ ನಮಗೂ ಒಂದು ಕೆಲಸ ಇದೆ. ಹಾಡು ಚೆನ್ನಾಗಿದೆಯೇ ಎಂದು ತೀರ್ಮಾನಿಸುವ ಮೊದಲು ಮೊಬೈಲನ್ನು ಬದಿಗಿಟ್ಟು, ಒಗ್ಗರಣೆ ಹಾಕುತ್ತಲೋ ಬಟ್ಟೆ ಮಡಚುತ್ತಲೋ ಅದನ್ನು ಒಮ್ಮೆ ಹೇಳಿಕೊಂಡು ನೋಡಿ. ಪಲ್ಲವಿ ದಾಟಿ ಒಂದು ಚರಣ ಬಂದರೆ ಆ ಸಂಯೋಜಕ ನಿಮಗೆ ಏನನ್ನೋ ಕೊಟ್ಟಿದ್ದಾನೆ. ಎಷ್ಟು ಲಕ್ಷ ಜನ ನೋಡಿದರು ಎಂದು ಪರದೆಯ ಕೆಳಗೆ ತೋರಿಸುವ ಅಂಕಿಗಿಂತ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.